ಅರ್ಜಿಯಲ್ಲಿ ಎಳೆದ ಅಡ್ಡಗೆರೆ

2023ರ ಆಗಸ್ಟ್ ತಿಂಗಳ ಒಂದು ಭಾನುವಾರ. ಬಲಿಪೂಜೆ ಮುಗಿಸಿಕೊಂಡು ನಾವು ನಾಲ್ಕೈದು ಮಂದಿ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುತ್ತಿದ್ದೆವು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನದಲ್ಲಿ ಭಾರೀ ಮೋಸ ನಡೆದಿದೆಯೆಂದು ಆ ದಿನಗಳಲ್ಲಿ ಪತ್ರಿಕೆಗಳು ಬರೆದಿದ್ದವು. ಸಚಿವಾಲಯ ತಪಾಸಣೆ ಮಾಡಿಸಿದ 1,572 ಸಂಸ್ಥೆಗಳಲ್ಲಿ 830 ಸಂಸ್ಥೆಗಳು ನಕಲಿ ಇಲ್ಲವೇ ನಡೆಯದೇ ಇರುವಂಥವು. ಐದು ವರ್ಷಗಳಲ್ಲಿ ಆದ ನಷ್ಟ ಸುಮಾರು 144 ಕೋಟಿ ರೂಪಾಯಿ. ತನಿಖೆ ಸಿಬಿಐ ಕೈಗೆ ಹೋಗಿದೆ. ಅಂದು ಎಲ್ಲರಿಗಿಂತ ಜೋರಾಗಿ ಮಾತನಾಡಿದವನು ನಾನೇ. "ಬಡ ಮಕ್ಕಳ ಬಾಯಿಗೆ ಹೋಗುವ ತುತ್ತನ್ನು ಕಸಿದುಕೊಳ್ಳುವ ಇಂಥವರಿಗೆ ನರಕದಲ್ಲೂ ಜಾಗ ಸಿಗಬಾರದು" ಎಂದೆ. ಗೆಳೆಯರು ಹೌದೌದೆಂದು ತಲೆಯಾಡಿಸಿದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಹೆಂಡತಿ ತಣ್ಣಗೆ ಕೇಳಿದಳು: "ಅಲ್ಲಾರೀ, ಅವತ್ತು ಮಗಳ ಅರ್ಜಿ ತುಂಬುವಾಗ ನಮ್ಮ ಕಾಫಿ ತೋಟದ ಲೆಕ್ಕ ಯಾರಿಗೆ ಹೇಳಿದ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಿಯ ಓದುಗರೇ, ನಡೆದದ್ದನ್ನು ಇದ್ದಂತೆ ಹೇಳುತ್ತೇನೆ. 2008ರಲ್ಲಿ ನಮ್ಮ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ನಾನು ಆಗ ಮಲೆನಾಡಿನ ಒಂದು ಪಟ್ಟಣದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಬಳ ತಿಂಗಳಿಗೆ ಹದಿನಾಲ್ಕು ಸಾವಿರ, ವರ್ಷಕ್ಕೆ 1,68,000 ರೂಪಾಯಿ. ಹೆಂಡತಿಯ ತವರಿನಿಂದ ಬಂದ ನಾಲ್ಕು ಎಕರೆ ಕಾಫಿ ತೋಟದಿಂದ ಖರ್ಚು ಕಳೆದು ಆ ವರ್ಷ ಸುಮಾರು 1,10,000 ಉಳಿದಿತ್ತು. ಎರಡೂ ಸೇರಿದರೆ 2,78,000. ಕೇಂದ್ರ ಸರ್ಕಾರ 2007-08ರಲ್ಲಿ ಆರಂಭಿಸಿದ ಮೆರಿಟ್-ಕಮ್-ಮೀನ್ಸ್ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ಎಲ್ಲ ಮೂಲಗಳಿಂದಲೂ ಸೇರಿ ಎರಡೂವರೆ ಲಕ್ಷ ಮೀರಬಾರದಿತ್ತು. ನಾವು ಇಪ್ಪತ್ತೆಂಟು ಸಾವಿರ ರೂಪಾಯಿಯಷ್ಟು ಗೆರೆಯ ಆಚೆಗಿದ್ದೆವು.

ಸಂಬಳದ ಬಗ್ಗೆ ಮಾಲೀಕರಿಂದ ಪತ್ರ ತಂದೆ, ಅದರಲ್ಲಿ ಸುಳ್ಳಿರಲಿಲ್ಲ. ಇತರ ಮೂಲಗಳ ಆದಾಯ ಬರೆಯಬೇಕಾದ ಕಡೆ ಪೆನ್ನಿನಿಂದ ಒಂದು ಪುಟ್ಟ ಅಡ್ಡಗೆರೆ ಎಳೆದೆ. ಸುಳ್ಳು ಅಂಕಿ ಬರೆಯಲಿಲ್ಲ, ನಕಲಿ ಮುದ್ರೆ ಒತ್ತಲಿಲ್ಲ, ಯಾರಿಗೂ ಲಂಚ ಕೊಡಲಿಲ್ಲ. ನಾನು ಮಾಡಿದ್ದು ಒಂದು ಅಡ್ಡಗೆರೆ ಎಳೆದದ್ದು ಮಾತ್ರ. ಮೇಲೆ ಬರೆದಿರುವುದೆಲ್ಲ ಸತ್ಯವೆಂಬ ಮಾತಿನ ಕೆಳಗೆ ನಾನು ಸಹಿ ಮಾಡಿದೆ. ಆಗ ತಾನೇ ಹದಿನೆಂಟು ತುಂಬಿದ್ದ ಮಗಳೂ ಸಹಿ ಮಾಡಿದಳು.

ವಿದ್ಯಾರ್ಥಿವೇತನ ಬಂತು. ಕಾಲೇಜು ಶುಲ್ಕಕ್ಕೆಂದು ವರ್ಷಕ್ಕೆ 20,000, ಹಾಸ್ಟೆಲ್‌ನಲ್ಲಿದ್ದುದರಿಂದ ನಿರ್ವಹಣೆಗೆಂದು 10,000. ನಾಲ್ಕು ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ. ದೇವರಿಗೆ ಕೃತಜ್ಞತಾ ಪೂಜೆಯನ್ನೂ ಮಾಡಿಸಿದೆ!

ಸರ್ಕಾರದ ಹಣ ಯಾರದು?

ಆಗ ನನ್ನನ್ನು ಯಾರಾದರೂ ಪ್ರಶ್ನಿಸಿದ್ದರೆ ನನ್ನ ಬಳಿ ಮೂರು ಉತ್ತರಗಳು ಸಿದ್ಧವಾಗಿದ್ದವು. ನಮ್ಮಲ್ಲಿ ಅನೇಕರ ಬಳಿ ಇಂದಿಗೂ ಅವೇ ಉತ್ತರಗಳಿವೆ. ಆದ್ದರಿಂದ ಒಂದೊಂದನ್ನೂ ತೂಗಿ ನೋಡೋಣ.

ಮೊದಲನೆಯದು: "ಇದು ಸರ್ಕಾರದ ಹಣ. ನಾನು ಯಾರ ಜೇಬಿಗೂ ಕೈ ಹಾಕಿಲ್ಲ." ಧರ್ಮೋಪದೇಶದ ತರಗತಿಯಲ್ಲಿ ಏಳನೆಯ ಕಟ್ಟಳೆಯನ್ನು ಕಲಿಯುವಾಗ ನಮ್ಮ ಕಣ್ಣ ಮುಂದೆ ಬರುವುದು ಪಕ್ಕದ ಮನೆಯ ಕೋಳಿ ಕದ್ದವನು, ಸಂತೆಯಲ್ಲಿ ಜೇಬು ಕತ್ತರಿಸಿದವನು. ಕಳೆದುಕೊಂಡವನಿಗೆ ಒಂದು ಮುಖವಿರುತ್ತದೆ, ಅವನು ಅಳುವುದು ಕಾಣುತ್ತದೆ. ಸರ್ಕಾರಕ್ಕೆ ಮುಖವೂ ಇಲ್ಲ, ಕಣ್ಣೀರೂ ಇಲ್ಲ. ಆದ್ದರಿಂದ ಅದು ಕಳವು ಎನ್ನಿಸುವುದೇ ಇಲ್ಲ.

ಆದರೆ ಆ ಯೋಜನೆ ನಡೆಯುತ್ತಿದ್ದ ಬಗೆಯನ್ನು ನೋಡಿ. ಆರಂಭದಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ಹೊಸದಾಗಿ ಕೊಡುತ್ತಿದ್ದದ್ದು 20,000 ವಿದ್ಯಾರ್ಥಿವೇತನಗಳು. ಅವನ್ನು ರಾಜ್ಯವಾರು, ಸಮುದಾಯವಾರು ಹಂಚಿದ್ದರು. ಹೀಗಾಗಿ ಕರ್ನಾಟಕದ ಕ್ರೈಸ್ತ ವಿದ್ಯಾರ್ಥಿಗಳ ಪಾಲಿಗೆ ಎಣಿಸಿದಷ್ಟೇ ಸ್ಥಾನಗಳಿದ್ದವು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮೊದಲ ಆದ್ಯತೆ. ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಬಾಗಿಲು ಮುಚ್ಚಿದಂತೆ. ಹಾಗಾದರೆ ನನ್ನ ಮಗಳ ಹೆಸರು ಆ ಪಟ್ಟಿಗೆ ಸೇರಿದಾಗ ಏನಾಗಿರಬೇಕು? ಪಟ್ಟಿ ತುಂಬಿದ್ದರೆ, ಕೊನೆಯಲ್ಲಿದ್ದ ಒಂದು ಹೆಸರು ಹೊರಗೆ ಹೋಗಿರಬೇಕು.

ಆ ಹೆಸರು ಯಾರದೆಂದು ನನಗೆ ಗೊತ್ತಿಲ್ಲ. ಬಳ್ಳಾರಿಯ ಕಡೆಯ ಗಾರೆ ಕೆಲಸದವನ ಮಗನೋ, ಕೊಳ್ಳೇಗಾಲದ ಕಡೆಯ ಕೂಲಿಯವಳ ಮಗಳೋ. ಅಥವಾ ನಮ್ಮ ಧರ್ಮಕೇಂದ್ರದಲ್ಲೇ, ಪ್ರತಿ ಭಾನುವಾರ ನನ್ನ ಹಿಂದಿನ ಬೆಂಚಿನಲ್ಲಿ ಮೊಣಕಾಲೂರುತ್ತಿದ್ದ ಹುಡುಗನೋ. ಅದು ನಮ್ಮ ಸಮುದಾಯಕ್ಕೆಂದೇ ತೆಗೆದಿಟ್ಟ ಪಾಲು. ಆದ್ದರಿಂದ ನಾನು ತಳ್ಳಿದವನು ನಮ್ಮವರಲ್ಲೇ ಒಬ್ಬ, ನನಗಿಂತ ಬಡವ. ಅವನು ನನ್ನನ್ನು ದೂರಲಾರ, ಏಕೆಂದರೆ ತನ್ನ ಸ್ಥಾನ ಹೋದದ್ದು ಯಾರಿಂದ ಎಂದು ಅವನಿಗೂ ಗೊತ್ತಿಲ್ಲ. ಕಳೆದುಕೊಂಡವನಿಗೇ ತಿಳಿಯದಂತೆ ತೆಗೆದುಕೊಂಡರೆ ಅದು ಕಳವಲ್ಲ ಎನ್ನಬಹುದೇ? ಅವನು ಕಾಣದಿರುವುದು ನನ್ನ ಅದೃಷ್ಟ, ನನ್ನ ನಿರಪರಾಧಿತ್ವವಲ್ಲ.

ಮಿತಿಯೇ ಅನ್ಯಾಯವಾಗಿದ್ದರೆ?

ಎರಡನೆಯ ಉತ್ತರ ಇನ್ನೂ ಗಟ್ಟಿಯಾದದ್ದು: "ಎರಡೂವರೆ ಲಕ್ಷಕ್ಕೆ ಗೆರೆ ಎಳೆದವರು ಯಾರು? 2,78,000 ಇದ್ದವನೇನು ಶ್ರೀಮಂತನೇ? ಆ ಗೆರೆಯೇ ಸರಿಯಿಲ್ಲ."

ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕಾಫಿ ತೋಟ ಇರುವವರಿಗೆ ಗೊತ್ತು, ಒಂದು ವರ್ಷ ಹೂಮಳೆ ಕೈಕೊಟ್ಟರೆ ಆ 1,10,000 ರೂಪಾಯಿ ಮೂವತ್ತು ಸಾವಿರಕ್ಕೆ ಇಳಿಯುತ್ತದೆ. ಕಾಗದದ ಮೇಲಿನ ಅಂಕಿಗೆ ಮನೆಯ ಸಾಲ, ಮುದುಕರ ಔಷಧಿ, ಇನ್ನೊಬ್ಬ ಮಗನ ಶುಲ್ಕ ಯಾವುದೂ ಕಾಣುವುದಿಲ್ಲ. ಗೆರೆಯ ಆಚೆಗೆ ಸ್ವಲ್ಪವೇ ದೂರದಲ್ಲಿ ನಿಂತ ಮಧ್ಯಮ ವರ್ಗದ ತಂದೆತಾಯಿಯರ ಸಂಕಟ ನಿಜವಾದದ್ದು. ತಮ್ಮ ಮಕ್ಕಳ ವಿದ್ಯೆಗೆ ಹೆತ್ತವರೇ ಮೊದಲ ಹೊಣೆಗಾರರು, ಆ ಹೊಣೆ ಹೊರಲು ಸಮಾಜ ಅವರಿಗೆ ನೆರವಾಗಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಬೋಧಿಸಿದೆ. ಹಾಗಾಗಿ "ನಮಗೂ ನೆರವು ಬೇಕು" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಆದರೆ ಗೆರೆ ತಪ್ಪೆಂದು ನನಗೆ ನಿಜವಾಗಿ ಅನ್ನಿಸಿದ್ದರೆ ನಾನು ಏನು ಮಾಡಬೇಕಿತ್ತು? ಅಧಿಕಾರಿಗಳಿಗೆ ಬರೆಯಬೇಕಿತ್ತು, ಶಾಸಕರನ್ನು ಕಾಣಬೇಕಿತ್ತು, ಪತ್ರಿಕೆಗೆ ಒಂದು ಪತ್ರವನ್ನಾದರೂ ಹಾಕಬೇಕಿತ್ತು. ಹಾಗೆ ಮಾಡಿ ಗೆರೆ ಸರಿದಿದ್ದರೆ ನನ್ನಂಥ ಸಾವಿರಾರು ಮಂದಿಗೆ ಪ್ರಯೋಜನವಾಗುತ್ತಿತ್ತು. ನಾನು ಅದ್ಯಾವುದನ್ನೂ ಮಾಡಲಿಲ್ಲ. ಗೆರೆಯನ್ನು ಇದ್ದಲ್ಲೇ ಬಿಟ್ಟು ನಾನೊಬ್ಬ ಮಾತ್ರ ಅದರ ಕೆಳಗೆ ನುಸುಳಿಕೊಂಡೆ. ನನ್ನಷ್ಟೇ ಆದಾಯವಿದ್ದು ಸತ್ಯ ಬರೆದ ಇನ್ನೊಬ್ಬ ತಂದೆ ಹೊರಗೇ ನಿಂತ. ಅನ್ಯಾಯವನ್ನು ಎದುರಿಸುವುದು ಬೇರೆ, ಅನ್ಯಾಯದಿಂದ ತಾನೊಬ್ಬ ಪಾರಾಗುವುದು ಬೇರೆ. ನಾನು ಮಾಡಿದ್ದು ಎರಡನೆಯದು.

ಬೇರೆ ದಾರಿಯೇ ಇರಲಿಲ್ಲವೇ?

ಮೂರನೆಯದು: "ಮಗಳ ಭವಿಷ್ಯದ ಪ್ರಶ್ನೆ. ಬೇರೆ ದಾರಿ ಇರಲಿಲ್ಲ." ಇದು ಹೆತ್ತ ಕರುಳಿನ ಮಾತು. ಇದನ್ನು ಕೇಳಿದರೆ ಯಾರ ಬಾಯಿಯಾದರೂ ಕಟ್ಟುತ್ತದೆ.

ಆದರೆ ನನ್ನ ವಿಷಯದಲ್ಲಿ ಅದು ನಿಜವಾಗಿರಲಿಲ್ಲ. 2008ರಲ್ಲೇ ಬ್ಯಾಂಕುಗಳು ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲವನ್ನು ಆಸ್ತಿ ಅಡವಿಲ್ಲದೆ ಕೊಡುವ ವ್ಯವಸ್ಥೆ ಇತ್ತು. ನನಗೆ ಬೇಕಾಗಿದ್ದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಸಾಲ ಮಾಡಿದ್ದರೆ ಮಗಳು ಕೆಲಸಕ್ಕೆ ಸೇರಿದ ಮೇಲೆ ಕೆಲವು ವರ್ಷ ಕಂತು ಕಟ್ಟಬೇಕಾಗುತ್ತಿತ್ತು. ಸ್ವಲ್ಪ ಬಿಗಿಯಾಗುತ್ತಿತ್ತು, ಅಷ್ಟೇ. ಆಕೆಯ ಓದು ನಿಲ್ಲುತ್ತಿರಲಿಲ್ಲ. ಅಂದರೆ ನಾನು ಸುಳ್ಳು ಹೇಳಿದ್ದು ಮಗಳ ಭವಿಷ್ಯ ಉಳಿಸಲಿಕ್ಕಲ್ಲ, ಬಡ್ಡಿ ಉಳಿಸಲಿಕ್ಕೆ. ಸಾಲಕ್ಕೆ ನಾಚಿದವನು ಸುಳ್ಳಿಗೆ ನಾಚಲಿಲ್ಲ. ಈ ವ್ಯತ್ಯಾಸ ಕಾಣಲು ನನಗೆ ಹದಿನೈದು ವರ್ಷ ಬೇಕಾಯಿತು.

ಇನ್ನು, ನಿಜವಾಗಿಯೂ ಬೇರೆ ದಾರಿಯಿಲ್ಲದ ಮನೆಗಳಿವೆಯಲ್ಲ? ಅಂಥ ಮನೆಗಳಿಗೆ ಸಾಮಾನ್ಯವಾಗಿ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ಅವರ ಸತ್ಯವೇ ಅವರ ಪರವಾಗಿರುತ್ತದೆ. ಅವರನ್ನು ಕಾಡುವುದು ಎರಡು ಬೇರೆ ಸಂಗತಿಗಳು: ನಾಚಿಕೆ ಮತ್ತು ತಿಳಿವಳಿಕೆಯ ಕೊರತೆ. ನಮ್ಮ ಪರಿಚಯದ ಒಬ್ಬ ವಿಧವೆ ತಾಯಿ, ಇಡ್ಲಿ ಮಾರಿ ಮಗನನ್ನು ಓದಿಸಿದವರು, ಎರಡು ವರ್ಷ ಅರ್ಜಿಯನ್ನೇ ಹಾಕಲಿಲ್ಲ. "ಬೇಡುವುದು ಹೇಗೆ?" ಎನ್ನುತ್ತಿದ್ದರು. ಪಡೆಯಬಾರದವನು ನಾಚಿಕೆಯಿಲ್ಲದೆ ಪಡೆದ, ಪಡೆಯಬೇಕಾದವರು ನಾಚಿಕೆಯಿಂದ ದೂರ ನಿಂತರು. ನಮ್ಮ ಧರ್ಮಕೇಂದ್ರಗಳಲ್ಲಿ ಈ ಎರಡೂ ಅಕ್ಕಪಕ್ಕದಲ್ಲೇ ನಡೆಯುತ್ತಿವೆ. ಇಂಥ ತಾಯಂದಿರಿಗೆ ಹೇಳಬೇಕಾದದ್ದು ಇಷ್ಟೇ: ಅಮ್ಮಾ, ಇದು ಭಿಕ್ಷೆಯಲ್ಲ. ನಿಮಗೆಂದೇ ತೆಗೆದಿಟ್ಟದ್ದು. ಅದನ್ನು ಕೇಳಿ ಪಡೆಯುವುದು ನಿಮ್ಮ ಮಗುವಿಗೆ ನೀವು ಸಲ್ಲಿಸಬೇಕಾದ ಕರ್ತವ್ಯ. ಆದಾಯ ಪತ್ರದಲ್ಲಿ ಯಾರೋ ನಿಮ್ಮ ಆದಾಯವನ್ನು ಹೆಚ್ಚಾಗಿ ಬರೆದಿದ್ದರೆ, ನಾಡಕಚೇರಿಗೆ ಮತ್ತೆ ಹೋಗಿ ತಿದ್ದಿಸಿ. ಸತ್ಯಕ್ಕಾಗಿ ಹಟ ಹಿಡಿಯುವುದು ಜಗಳಗಂಟತನವಲ್ಲ.

ಮಗಳು ಹೇಳಿದ ಮಾತು

ಹೆಂಡತಿ ಕೇಳಿದ ಆ ಪ್ರಶ್ನೆಯ ಬಳಿಕ ಕೆಲವು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಕ್ರಿಸ್ಮಸ್‌ಗೆ ಮಗಳು ಮನೆಗೆ ಬಂದಾಗ ಅವಳ ಮುಂದೆ ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾದೀತು ಎಂದುಕೊಂಡಿದ್ದೆ. ಅವಳು ತಲೆ ತಗ್ಗಿಸಿ ಹೇಳಿದಳು: "ಅವತ್ತೇ ನೋಡಿದ್ದೆ ಅಪ್ಪಾ ಆ ಗೆರೆಯನ್ನ. ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಸುಮ್ಮನೆ ಸಹಿ ಹಾಕಿದೆ."

ಓದುಗರೇ, ಹಣದ ಲೆಕ್ಕಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಇರಿಯಿತು. ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದವರು ನಾವೇ. ಎಂಟನೆಯ ಕಟ್ಟಳೆಯನ್ನು ಬಾಯಿಪಾಠ ಮಾಡಿಸಿದವರೂ ನಾವೇ. ವಯಸ್ಕಳಾಗಿ ಆಕೆ ಹಾಕಿದ ಮೊದಮೊದಲ ಸಹಿಗಳಲ್ಲೊಂದನ್ನು ನಾವು ಒಂದು ಸುಳ್ಳಿನ ಕೆಳಗೆ ಹಾಕಿಸಿದೆವು. ಮನೆಯಲ್ಲಿ ಪ್ರೀತಿಯಿದ್ದರೆ ಕೆಲವು ಪ್ರಶ್ನೆಗಳನ್ನು ಕೇಳಬಾರದು ಎಂಬ ಪಾಠವನ್ನು ಆ ದಿನ ಅವಳು ಕಲಿತಳು. ನಾವು ಮಕ್ಕಳ ವಿದ್ಯೆಗೆಂದು ಮಾಡಿದ ಕೆಲಸವೇ ಅವರಿಗೆ ಒಂದು ವಿದ್ಯೆಯಾಗುತ್ತದೆ. ಕಾಲೇಜಿನಲ್ಲಿ ಕಲಿತ ಎಷ್ಟೋ ಪಾಠಗಳನ್ನು ಅವಳು ಮರೆತಿರಬಹುದು, ಈ ಪಾಠವನ್ನು ಮರೆತಿರಲಿಲ್ಲ.

ಹಿಂದಿರುಗಿಸುವುದು ಯಾರಿಗೆ?

ಪಾಪನಿವೇದನೆ ಮಾಡಿದರೆ ಕ್ಷಮೆಯುಂಟು ಎಂದು ನಾವು ನಂಬುತ್ತೇವೆ. ಆದರೆ ಕದ್ದದ್ದನ್ನು ಇಟ್ಟುಕೊಂಡೇ ಕ್ಷಮೆ ಕೇಳಲಾಗದು ಎಂಬುದೂ ಧರ್ಮಸಭೆಯ ಬೋಧನೆ. ಸಂತ ಲೂಕರ ಶುಭಸಂದೇಶದಲ್ಲಿ ಜಕ್ಕಾಯನ ಕಥೆ ನಮಗೆಲ್ಲ ಗೊತ್ತು. ಯೇಸು ತನ್ನ ಮನೆಗೆ ಬಂದಾಗ ಅವನು ಅತ್ತು ಕರೆಯಲಿಲ್ಲ. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆಂದ. ಅವನು ಲೆಕ್ಕ ಬರೆಯುವವನು, ನನ್ನ ಹಾಗೆ. ತನ್ನ ಪಶ್ಚಾತ್ತಾಪವನ್ನೂ ಲೆಕ್ಕದ ಭಾಷೆಯಲ್ಲೇ ಹೇಳಿದ.

ಆದರೆ ಜಕ್ಕಾಯನಿಗೆ ತಾನು ವಂಚಿಸಿದವರು ಯಾರೆಂದು ಗೊತ್ತಿದ್ದಿರಬೇಕು. ನನಗೆ ಗೊತ್ತಿಲ್ಲವಲ್ಲ? ಇದೇ ಪ್ರಶ್ನೆಯನ್ನು ಏಳು ಶತಮಾನಗಳಿಗೂ ಹಿಂದೆ ಸಂತ ತೋಮಸ್ ಅಕ್ವಿನಾಸರು ಎತ್ತಿಕೊಂಡಿದ್ದಾರೆ ಎಂದು ನಮ್ಮ ಗುರುಗಳು ತಿಳಿಸಿದರು. ಸಲ್ಲಬೇಕಾದವನು ಯಾರೆಂದು ಶ್ರದ್ಧೆಯಿಂದ ಹುಡುಕಿದರೂ ತಿಳಿಯದಿದ್ದರೆ, ಅವನ ಹೆಸರಿನಲ್ಲಿ ಬಡವರಿಗೆ ಕೊಡಬೇಕೆಂಬುದು ಅವರ ಉತ್ತರ. ಆದ್ದರಿಂದ ಹೀಗೆ ಕೊಡುವುದಕ್ಕೆ ದಾನವೆಂಬ ಹೆಸರು ಸಲ್ಲದು. ಅದು ತೀರಿಸಬೇಕಾದ ಸಾಲ. ದಾನ ಕೊಟ್ಟವನಿಗೆ ಬೆನ್ನು ತಟ್ಟಿಸಿಕೊಳ್ಳುವ ಆಸೆಯಿದ್ದೀತು. ಸಾಲ ತೀರಿಸುವವನಿಗೆ ಅಂಥ ಹಕ್ಕಿಲ್ಲ.

ನಾನೂ ನನ್ನ ಮಗಳೂ ಸೇರಿ ತಿಂಗಳು ತಿಂಗಳು ಒಂದಿಷ್ಟನ್ನು ಧರ್ಮಕೇಂದ್ರದ ವಿದ್ಯಾನಿಧಿಗೆ ಕಟ್ಟುತ್ತಿದ್ದೇವೆ. ಇನ್ನೂ ಮುಗಿದಿಲ್ಲ. ಮುಗಿದ ಮೇಲೂ ಎಲ್ಲ ಸರಿಹೋಯಿತೆಂದು ಹೇಳಲಾರೆ. 2008ರಲ್ಲಿ ಕಾಲೇಜಿನ ಬಾಗಿಲಲ್ಲಿ ನಿಂತಿದ್ದ ಆ ಮಗುವಿಗೆ ಇಂದಿನ ನನ್ನ ಕಂತು ತಲಪುವುದಿಲ್ಲ. ಅವನಿಗೆ ಈಗ ಮೂವತ್ತೈದರ ಹತ್ತಿರ ವಯಸ್ಸಾಗಿರಬೇಕು. ಓದು ಮುಂದುವರಿಸಿದನೋ, ಗಾರೆ ಕೆಲಸಕ್ಕೆ ಹೋದನೋ, ದೇವರೇ ಬಲ್ಲರು. ಕೆಲವು ತಪ್ಪುಗಳಿಗೆ ಕ್ಷಮೆಯುಂಟು, ಆದರೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ತಪ್ಪು ಮಾಡುವ ಮೊದಲೇ ಇದನ್ನು ನೆನೆದುಕೊಳ್ಳುವುದು ಒಳ್ಳೆಯದು.

ಹೆತ್ತವರಿಗೆ, ಹಿರಿಯರಿಗೆ

ಪಿಯುಸಿ ಫಲಿತಾಂಶ ಬಂತೆಂದರೆ ಅನೇಕ ಮನೆಗಳಲ್ಲಿ ಸಂತೋಷದ ಜೊತೆಗೇ ಚಿಂತೆಯೂ ಕಾಲಿಡುತ್ತದೆ. ಅಂಥ ಹೆತ್ತವರಿಗೆ ನನ್ನ ಅನುಭವದಿಂದ ಕೆಲವು ಮಾತು.

ಪ್ರಾಮಾಣಿಕವಾದ ಬಾಗಿಲುಗಳು ನಾವು ತಿಳಿದಿರುವುದಕ್ಕಿಂತ ಹೆಚ್ಚಿವೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ 20ರ ಸಾಲಿನಲ್ಲಿ ತೇರ್ಗಡೆಯಾದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾರ್ಥಿವೇತನವೊಂದಿದೆ. ಅದರ ಆದಾಯ ಮಿತಿ ನಾಲ್ಕೂವರೆ ಲಕ್ಷ. ಒಂದು ಯೋಜನೆಯ ಗೆರೆಯಾಚೆ ಇರುವವರು ಇನ್ನೊಂದರ ಗೆರೆಯೊಳಗೆ ಇರಬಹುದು. ಶಿಕ್ಷಣ ಸಾಲಕ್ಕೆಂದು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡವಿಲ್ಲದ ಸಾಲ, ಎಂಟು ಲಕ್ಷದವರೆಗೆ ಆದಾಯವಿದ್ದು ಬೇರೆ ಸರ್ಕಾರಿ ನೆರವು ಪಡೆಯದವರಿಗೆ ಬಡ್ಡಿಯಲ್ಲಿ ರಿಯಾಯಿತಿ ಎಂದು ಅದರಲ್ಲಿದೆ. ರಾಜ್ಯದಲ್ಲಿ ಅಲ್ಪಸಂಖ್ಯಾತರ 'ಅರಿವು' ಸಾಲದ ಬಗ್ಗೆಯೂ ವಿಚಾರಿಸಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಕೇಳಿ ತಿಳಿಯಿರಿ. ಆದಾಯ ಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಅದಕ್ಕೆ ಆಧಾರ್ ಜೋಡಣೆ, ಇವನ್ನು ಫಲಿತಾಂಶಕ್ಕೆ ಮೊದಲೇ ಸಿದ್ಧಮಾಡಿಕೊಳ್ಳಿ. ಕೊನೆಯ ದಿನದ ಗಡಿಬಿಡಿಯಲ್ಲೇ "ಏನಾದರೂ ಬರೆದುಬಿಡೋಣ" ಎಂಬ ಶೋಧನೆ ಬರುವುದು.

ಧರ್ಮಕೇಂದ್ರದ ಹಿರಿಯರಿಗೂ ಒಂದು ಬಿನ್ನಹ. 1833ರಲ್ಲಿ ಪ್ಯಾರಿಸ್‌ನಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸಭೆಯನ್ನು ಸ್ಥಾಪಿಸಿದ ಫ್ರೆಡೆರಿಕ್ ಓಜಾನಾಂ ಆಗ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿ. ಅವರೂ ಅವರ ಗೆಳೆಯರೂ ಬಡವರನ್ನು ವೇದಿಕೆಗೆ ಕರೆಯಲಿಲ್ಲ, ತಾವೇ ಅವರ ಮನೆಗಳಿಗೆ ಹೋದರು. ನಮ್ಮಲ್ಲಿಯೂ ಕಂಪ್ಯೂಟರ್ ಬಲ್ಲ ಯುವಕ ಯುವತಿಯರಿದ್ದಾರೆ. ವರ್ಷಕ್ಕೆ ಎರಡು ಭಾನುವಾರ ಅವರು ದೇವಾಲಯದ ಸಭಾಂಗಣದಲ್ಲಿ ಕುಳಿತು ಬಡ ಮನೆಗಳ ಮಕ್ಕಳ ಅರ್ಜಿ ತುಂಬಿಕೊಟ್ಟರೆ ಅದೂ ಒಂದು ದೊಡ್ಡ ಸೇವೆ. ಹಾಗೆಯೇ ವಿದ್ಯಾನಿಧಿಯ ಹಣ ಕೊಡುವಾಗ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಫೋಟೋ ತೆಗೆಸುವುದನ್ನು ಬಿಟ್ಟುಬಿಡೋಣ. ಆ ತಾಯಿ ಎರಡು ವರ್ಷ ಅರ್ಜಿ ಹಾಕದೆ ಉಳಿದದ್ದು ಇಂಥ ಫೋಟೋಗಳಿಗೆ ಹೆದರಿಯೇ.

ಈ ಬಾರಿ ಅರ್ಜಿಯ ಮುಂದೆ ನೀವು ಪೆನ್ನು ಹಿಡಿದು ಕುಳಿತಾಗ ನಿಮ್ಮ ಮಗುವೂ ಪಕ್ಕದಲ್ಲಿರುತ್ತದೆ. ಅದು ಏನೂ ಕೇಳದಿರಬಹುದು. ಆದರೆ ನಿಮ್ಮ ಕೈ ಏನು ಬರೆಯುತ್ತದೆ ಎಂದು ನೋಡುತ್ತಿರುತ್ತದೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ವಿದ್ಯಾರ್ಥಿವೇತನ ಸಿಗದೆ ಹೋದರೂ ಆ ಮಗುವಿಗೆ ನೀವು ಅಂದು ಏನನ್ನೋ ಕೊಟ್ಟಿರುತ್ತೀರಿ. ನನ್ನ ಮಗಳಿಗೆ ಅದನ್ನು ಕೊಡುವ ಅವಕಾಶ ನನಗೆ ಒಮ್ಮೆ ಸಿಕ್ಕಿತ್ತು. ಅಲ್ಲಿ ನಾನು ಒಂದು ಅಡ್ಡಗೆರೆ ಎಳೆದುಬಿಟ್ಟೆ.